ಕೂಸಿನ ಸ್ವೆಟರಿನ ಲೆಕ್ಕ

ಪುನರ್ವಸು ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ, ಅಟ್ಟದ ಕೆಳಗೆ, ಜಗಲಿಯ ಬಿದಿರಗಳುವಿನ ಮೇಲೆ, ಎಲ್ಲೆಲ್ಲೂ ಹೊಗೆವಾಸನೆ ಹತ್ತಿದ ಬಟ್ಟೆಗಳೇ. ಅಂಥ ದಿನಗಳಲ್ಲಿ ಮನೆಗೆ ಹಸುಗೂಸೊಂದು ಬಂದರೆ ಎಲ್ಲರ ಚಿಂತೆಯೂ ಒಂದೇ ಕಡೆ ತಿರುಗುತ್ತದೆ: ಕೂಸಿಗೆ ಥಂಡಿಯಾಗಬಾರದು. ಹಳೆಯ ಹತ್ತಿ ಸೀರೆಯ ತುಂಡುಗಳು, ಕುಲಾವಿ, ಕೌದಿ, ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಸಿದ್ಧವಾಗುತ್ತವೆ. ಇವುಗಳ ಜೊತೆಗೆ ಟ್ರಂಕಿನ ತಳದಿಂದ ಹೊರಬರುವ ಮತ್ತೊಂದು ವಸ್ತುವೆಂದರೆ, ಅಜ್ಜಿಯೋ ಚಿಕ್ಕಮ್ಮನೋ ಕ್ರೋಶಾ ಕಡ್ಡಿಯಲ್ಲಿ ಹೆಣೆದಿಟ್ಟ ಅಂಗೈಯಗಲದ ಸ್ವೆಟರು. ಅದನ್ನು ಆ ಕೂಸಿನ ಅಣ್ಣ ತೊಟ್ಟಿರುತ್ತಾನೆ, ದೊಡ್ಡಪ್ಪನ ಮಗಳು ತೊಟ್ಟಿರುತ್ತಾಳೆ, ಕೆಲವೊಮ್ಮೆ ಕೂಸಿನ ತಾಯಿಯೇ ತೊಟ್ಟಿರುತ್ತಾಳೆ.

ಇಂದು ಇಂಥ ಸ್ವೆಟರು ಹೆಣೆಯುವ ಅಗತ್ಯ ಮೇಲ್ನೋಟಕ್ಕೆ ಇಲ್ಲ. ಪೇಟೆಯ ಅಂಗಡಿಯಲ್ಲಿ ಟೋಪಿ, ಕಾಲುಚೀಲಗಳ ಸಮೇತ ಕೂಸಿನ ಸೆಟ್ಟು ಸಿಗುತ್ತದೆ. ಮೊಬೈಲಿನಲ್ಲಿ ಬೆರಳೊತ್ತಿದರೆ ಘಟ್ಟದ ಮೇಲಿನ ಒಂಟಿಮನೆಗೂ ಬಂದು ಬೀಳುತ್ತದೆ. ಆದರೂ ಕ್ರೋಶಾ ಹೆಣಿಗೆ ಮತ್ತೆ ತಲೆಯೆತ್ತುತ್ತಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಕಡ್ಡಿ ಹಿಡಿದ ಅನೇಕ ತರುಣಿಯರು ಅದನ್ನು ಕೈಬಿಟ್ಟಿಲ್ಲ. ಪರಿಸರದ ಕಾಳಜಿಯುಳ್ಳವರು ಇದನ್ನು ಸಂತೋಷದಿಂದ ಸ್ವಾಗತಿಸಬೇಕು. ಆದರೆ ‘ಕೈಯಲ್ಲಿ ಮಾಡಿದ್ದು’ ಎಂಬ ಒಂದೇ ಮಾತಿಗೆ ಮರುಳಾಗಿ ಅಲ್ಲ. ಆ ಪುಟ್ಟ ಉಡುಪಿನ ಹಿಂದೆ ಮೂರು ಲೆಕ್ಕಗಳಿವೆ: ಬಾಳಿಕೆಯ ಲೆಕ್ಕ, ನೂಲಿನ ಲೆಕ್ಕ, ದುಡಿಮೆಯ ಲೆಕ್ಕ. ಮೂರೂ ಸರಿಹೊಂದಿದಾಗ ಮಾತ್ರ ಕೈಹೆಣಿಗೆಯ ಉಡುಪು ಅಂಗಡಿಯ ಉಡುಪಿಗಿಂತ ಮೇಲು.

ಒಂದು ಕಡ್ಡಿ, ಒಂದು ಕುಣಿಕೆ

ಮೊದಲಿಗೆ ಕ್ರೋಶಾದ ಅನುಕೂಲಗಳನ್ನು ನೋಡಬೇಕು. ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ, ಒಂದು ಉಂಡೆ ನೂಲು, ಇಷ್ಟೇ ಸಲಕರಣೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯನ್ನೇ ನೆಚ್ಚಿಕೊಂಡು ನಿಂತಿರುತ್ತವೆ. ಕಡ್ಡಿ ಜಾರಿದರೆ ಮಾಡಿದ ಕೆಲಸ ಸರಸರನೆ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಹಾಗೆ ಬಿಚ್ಚಿಕೊಳ್ಳಬಲ್ಲ ಕುಣಿಕೆ ಯಾವಾಗಲೂ ಒಂದೇ. ಒಲೆಯ ಮೇಲೆ ಹಾಲು ಉಕ್ಕಿತೆಂದು, ಕೊಟ್ಟಿಗೆಯಲ್ಲಿ ಕರು ಕೂಗಿತೆಂದು, ತೊಟ್ಟಿಲಲ್ಲಿ ಮಗು ಎದ್ದಿತೆಂದು ನಡುವೆ ನಾಲ್ಕು ಬಾರಿ ಎದ್ದು ಹೋಗಬೇಕಾದವರಿಗೆ ಇದಕ್ಕಿಂತ ಹೊಂದುವ ಕೈಗೆಲಸ ಸಿಗುವುದು ಕಷ್ಟ. ಆ ಒಂದು ಕುಣಿಕೆಯನ್ನು ಸ್ವಲ್ಪ ಉದ್ದ ಎಳೆದಿಟ್ಟು ಎದ್ದರಾಯಿತು. ಇದರಲ್ಲಿ ಎರಡು ಕಡ್ಡಿಯ ಹೆಣಿಗೆಗಿಂತ ನೂಲು ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ಮಾತ್ರ ಒಪ್ಪಬೇಕು.

ಕೂಸಿನ ಸ್ವೆಟರಿಗೆ ಚಿತ್ತಾರದ ಅಗತ್ಯವಿಲ್ಲ. ಸರಪಣಿ ಮತ್ತು ಕಂಬ, ಈ ಎರಡು ಬಗೆಯ ಕುಣಿಕೆ ಬಂದರೆ ಸಾಕು. ಹುಟ್ಟಿದಂದಿನಿಂದ ಮೂರು ತಿಂಗಳವರೆಗಿನ ಕೂಸಿನ ಎದೆಯ ಸುತ್ತಳತೆ ಸುಮಾರು 40 ಸೆಂಟಿಮೀಟರ್. ಒಳಗೆ ಹತ್ತಿಯ ಅಂಗಿ ಇರುವುದರಿಂದ ಸ್ವೆಟರಿನ ಸುತ್ತಳತೆ 46ರಿಂದ 48 ಇರಲಿ. ಬೆನ್ನಿಗೆ 24 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕೆಳಗಿನಿಂದ ಹೆಣೆಯುತ್ತ ಬಂದು, ಕಂಕುಳಿನ ಹತ್ತಿರ ಎರಡೂ ಬದಿಗೆ ಸರಪಣಿ ಹಾಕಿ ತೋಳಿನಷ್ಟು ಉದ್ದ ಬೆಳೆಸಬೇಕು. ಹೆಗಲವರೆಗೆ ಹೆಣೆದು, ನಡುವೆ ಕುತ್ತಿಗೆಗೆ ಜಾಗ ಬಿಟ್ಟು, ಮುಂಭಾಗವನ್ನು ಎರಡು ಹೋಳಾಗಿ ಇಳಿಸುತ್ತ ಬರಬೇಕು. ಎಲ್ಲ ಮುಗಿದಾಗ ಕೈಯಲ್ಲಿರುವುದು ಒಂದೇ ತುಂಡು. ಅದನ್ನು ಹೆಗಲಿನ ಬಳಿ ಮಡಿಸಿ ಎರಡು ಪಕ್ಕಗಳನ್ನು ಹೊಲಿದರೆ ಸ್ವೆಟರು ಸಿದ್ಧ. 4 ಮಿಲಿಮೀಟರ್ ಕಡ್ಡಿ, ನೂರರಿಂದ ನೂರೈವತ್ತು ಗ್ರಾಂ ನೂಲು, ಪಳಗಿದ ಕೈಗೆ 8ರಿಂದ 10 ಗಂಟೆಯ ಕೆಲಸ. ಹೊಸಬರಿಗೆ ಇದರ ಎರಡರಷ್ಟು ಹಿಡಿದೀತು.

ಸರಳತೆಯಲ್ಲಿ ಸುರಕ್ಷತೆಯೂ ಇದೆ. ದೊಡ್ಡ ಕಿಂಡಿಗಳ ಜಾಲರಿ ನೋಡಲು ಚೆಂದ, ಆದರೆ ಕೂಸಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಬದಿಯ ಸಡಿಲ ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತದ ಹರಿವೇ ನಿಲ್ಲಬಹುದು. ಗುಂಡಿ ಕಿತ್ತುಬಂದರೆ ಬಾಯಿಗೆ ಹೋಗುತ್ತದೆ. ಕುತ್ತಿಗೆಯ ಬಳಿ ದಾರ ಕಟ್ಟುವುದಂತೂ ಬೇಡವೇ ಬೇಡ. ಒತ್ತಾದ ಹೆಣಿಗೆ, ಪಕ್ಕದಲ್ಲಿ ಗಿಡ್ಡನೆಯ ಬಟ್ಟೆಯ ಪಟ್ಟಿ, ಇಷ್ಟೇ ಸಾಕು. ತೀರ ಕಡಿಮೆ ತೂಕದ ಕೂಸಿಗೆ ಯಾವ ಸ್ವೆಟರೂ ತಾಯಿಯ ಎದೆಯ ಬಿಸಿಗೆ ಸಮನಲ್ಲವೆಂಬುದನ್ನೂ ನೆನಪಿಡಬೇಕು.

ಬಾಳಿಕೆಯ ಲೆಕ್ಕ

ಆರೋಗ್ಯವಂತ ಕೂಸು ಐದು ತಿಂಗಳ ಸುಮಾರಿಗೆ ಹುಟ್ಟಿದಾಗಿನ ತೂಕದ ಎರಡರಷ್ಟಾಗುತ್ತದೆ, ವರ್ಷ ತುಂಬುವಾಗ ಮೂರರಷ್ಟು. ಮನುಷ್ಯ ತೊಡುವ ಉಡುಪುಗಳಲ್ಲೆಲ್ಲ ಅತಿ ಬೇಗ ಗಿಡ್ಡವಾಗುವುದು ಕೂಸಿನ ಉಡುಪೇ. ಅಂಗಡಿಯ ಸ್ವೆಟರು ಮೂರು ತಿಂಗಳಿಗೆ ಬಿಗಿಯಾದರೆ ಅದರ ಕಥೆ ಮುಗಿಯಿತು; ಅದು ನೆಲ ಒರೆಸಲೂ ಬಾರದು. ಕ್ರೋಶಾದ ಸ್ವೆಟರಿನ ಅಂಚಿನ ಗಂಟು ಬಿಚ್ಚಿ ಕೆಳಗೆ ನಾಲ್ಕು ಸಾಲು, ತೋಳಿಗೆ ಮೂರು ಸಾಲು ಸೇರಿಸಿದರೆ ಮತ್ತೊಂದು ಮಳೆಗಾಲ ಸಾಗುತ್ತದೆ. ಮೊಣಕೈಯಲ್ಲಿ ಹರಿದರೆ ಅಷ್ಟೇ ಭಾಗವನ್ನು ಮತ್ತೆ ಹೆಣೆಯಬಹುದು. ಇನ್ನು ಬೇಡವೆನಿಸಿದಾಗ ಇಡೀ ಸ್ವೆಟರನ್ನು ಬಿಚ್ಚಿ, ನೂಲನ್ನು ಲಡಿ ಸುತ್ತಿ, ಒದ್ದೆ ಮಾಡಿ, ಭಾರ ಕಟ್ಟಿ ಒಣಗಿಸಿದರೆ ಅದರ ಸುರುಳಿ ಹೋಗಿ ಹೊಸ ಹೆಣಿಗೆಗೆ ಸಿದ್ಧವಾಗುತ್ತದೆ. ಕತ್ತರಿಸಿ ಹೊಲಿದ ಬಟ್ಟೆಗೆ ಈ ಪುನರ್ಜನ್ಮವಿಲ್ಲ.

ಮಲೆನಾಡಿನ ಹಳೆಯ ಬದುಕಿಗೆ ಈ ವಿವೇಕ ಹೊಸದಲ್ಲ. ಕೂಸಿಗೆ ಮೊದಲು ಸುತ್ತುತ್ತಿದ್ದುದು ಹೊಸ ಬಟ್ಟೆಯನ್ನಲ್ಲ. ನೂರು ಸಲ ಒಗೆದು ಹೂವಿನಂತಾದ ಹಳೆಯ ಸೀರೆಯನ್ನು. ಆ ಸೀರೆಯೇ ಮುಂದೆ ಕೌದಿಯಾಗಿ, ಕೌದಿ ಕಾಲೊರಸಾಗಿ, ಕಡೆಗೆ ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಬಡತನದಿಂದ ಹುಟ್ಟಿದ ಪದ್ಧತಿಯೆಂದು ಅದನ್ನು ತಳ್ಳಿಹಾಕುವವರಿದ್ದಾರೆ. ಆದರೆ ಮಣ್ಣಿನಿಂದ ಬಂದದ್ದು ಮಣ್ಣಿಗೇ ಮರಳಬೇಕೆಂಬ ನಿಯಮವನ್ನು ಆ ಪದ್ಧತಿ ಪಾಲಿಸುತ್ತಿತ್ತು. ಇಂದಿನ ಕೈಹೆಣಿಗೆ ಆ ನಿಯಮವನ್ನು ಪಾಲಿಸುತ್ತಿದೆಯೇ? ಇಲ್ಲಿಯೇ ಎರಡನೆಯ ಲೆಕ್ಕ ಎದುರಾಗುತ್ತದೆ.

ಕುರಿಯಿಲ್ಲದ ಉಲ್ಲನ್

ಪೇಟೆಯ ಅಂಗಡಿಗೆ ಹೋಗಿ, “ಇದು ಕುರಿ ಉಣ್ಣೆಯೇನಪ್ಪಾ?” ಎಂದು ಕೇಳಿದರೆ, “ಒಳ್ಳೇ ಉಲ್ಲನ್ ಅಮ್ಮಾ, ಬಣ್ಣ ಹೋಗೋದಿಲ್ಲ” ಎಂಬ ಉತ್ತರ ಬರುತ್ತದೆ. ಬಣ್ಣ ಹೋಗದೆಂಬುದು ನಿಜ. ಆದರೆ ಉಲ್ಲನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ನೂಲಿನಲ್ಲಿ ಬಹುಪಾಲು ಅಕ್ರಿಲಿಕ್. ಅದರ ಮೂಲ ಕುರಿಯಲ್ಲ, ಪೆಟ್ರೋಲಿಯಂ. ಪ್ರೊಪಿಲೀನ್ ಅನಿಲ ಮತ್ತು ಅಮೋನಿಯಾಗಳಿಂದ ಅಕ್ರಿಲೊನೈಟ್ರೈಲ್ ಎಂಬ ರಾಸಾಯನಿಕವನ್ನು ತಯಾರಿಸಿ, ಅದನ್ನು ಪಾಲಿಮರ್ ಆಗಿಸಿ ಎಳೆ ತೆಗೆಯುತ್ತಾರೆ. ಸರಳವಾಗಿ ಹೇಳುವುದಾದರೆ, ಪ್ಲಾಸ್ಟಿಕ್ ಚೀಲವನ್ನು ವಿರೋಧಿಸುವ ಮನೆಯಲ್ಲೇ ಅಕ್ಕರೆಯಿಂದ ಪ್ಲಾಸ್ಟಿಕ್ಕಿನ ಅಂಗಿ ಹೆಣೆಯಲಾಗುತ್ತಿದೆ.

ಇದನ್ನು ಪತ್ತೆಹಚ್ಚಲು ಪ್ರಯೋಗಾಲಯ ಬೇಕಿಲ್ಲ. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೊಡ್ಡಿದರೆ ಗುಟ್ಟು ರಟ್ಟಾಗುತ್ತದೆ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರಿ ಹುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ನಯವಾದ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ, ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿ ಉಳಿಯುತ್ತದೆ. ಈ ಪರೀಕ್ಷೆ ಬಾಣಂತಿ ಕೋಣೆಗೂ ಒಂದು ಎಚ್ಚರಿಕೆ. ಅಗ್ಗಿಷ್ಟಿಕೆಯ ಕಿಡಿ ಹಾರಿದಾಗ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕರಕಾಗಿ ನಂದುತ್ತದೆ. ಹತ್ತಿ ಹೊತ್ತಿಕೊಂಡರೂ ಕರಗುವುದಿಲ್ಲ. ಅಕ್ರಿಲಿಕ್ ಉರಿಯುವುದೂ ಉಂಟು, ಕರಗಿ ಎಳೆಯ ಚರ್ಮಕ್ಕೆ ಅಂಟಿಕೊಳ್ಳುವುದೂ ಉಂಟು. ಕೆಂಡದ ಸಮೀಪ ಮಲಗುವ ಕೂಸಿಗೆ ಇದಕ್ಕಿಂತ ಅಪಾಯದ ಉಡುಪನ್ನು ಆರಿಸುವುದು ಕಷ್ಟ.

ತೇವದ ವಿಷಯದಲ್ಲೂ ವ್ಯತ್ಯಾಸವಿದೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ. ಅಕ್ರಿಲಿಕ್ ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ತೇವ ಶೇಕಡಾ 2ರ ಆಸುಪಾಸು ಮಾತ್ರ. ಅದು ಬೇಗ ಒಣಗುವುದು ಈ ಕಾರಣದಿಂದಲೇ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಗುಣವಲ್ಲ. ಗೃಹಿಣಿಯರು ಅಕ್ರಿಲಿಕ್ ನೂಲನ್ನು ಮೆಚ್ಚಿದ್ದು ಮೂಢತನದಿಂದೇನೂ ಅಲ್ಲ. ಆದರೆ ಕೂಸಿನ ಬೆವರು ಹೀರದೆ ಮೈಮೇಲೇ ಉಳಿಯುವುದಕ್ಕೂ ಅದೇ ಗುಣ ಕಾರಣ.

ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 6 ಕಿಲೋಗ್ರಾಂ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಯಂತ್ರದಲ್ಲಿ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ. ಅವರು ಹೋಲಿಸಿದ ಮೂರು ಬಗೆಯ ಬಟ್ಟೆಗಳಲ್ಲಿ ಅತಿ ಹೆಚ್ಚು ಎಳೆ ಉದುರಿಸಿದ್ದು ಅಕ್ರಿಲಿಕ್ಕೇ. ಕಲ್ಲಿನ ಮೇಲೆ ಕೈಯಲ್ಲಿ ಒಗೆಯುವಾಗ ಪ್ರಮಾಣ ಬೇರೆಯಿದ್ದೀತು, ಉದುರುವುದು ಮಾತ್ರ ತಪ್ಪದು. ಮಲೆನಾಡಿನಲ್ಲಿ ಬಟ್ಟೆ ಒಗೆಯುವ ಕಲ್ಲಿನಿಂದ ಹರಿದ ನೀರು ತೋಟದ ಬಸಿಗಾಲುವೆ ಸೇರಿ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಭದ್ರೆಗೋ ಶರಾವತಿಗೋ ಹೋಗುತ್ತದೆ. ನದಿಮೂಲದಲ್ಲಿ ವಾಸಿಸುವವರು ನೀರಿಗೆ ಬಿಟ್ಟದ್ದನ್ನು ಕೆಳಗಿನ ಎಲ್ಲ ಊರುಗಳೂ ಕುಡಿಯುತ್ತವೆ.

ಹಾಗಾದರೆ ಯಾವ ನೂಲು?

ಉತ್ತರ ಸುಲಭವಲ್ಲ. ಕುರಿಯ ಉಣ್ಣೆಯೆಂದರೆ ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಡೆಕ್ಕನಿ ಕುರಿಯ ಉಣ್ಣೆ. ಬಯಲುಸೀಮೆಯ ಕುರುಬರು ಅದರಲ್ಲಿ ನೇಯ್ದ ಕಂಬಳಿ ಸಂತೆಗಳ ಮೂಲಕ ಮಲೆನಾಡಿಗೆ ಬಂದು, ನಾಟಿಯ ಗದ್ದೆಯಲ್ಲಿ ಕಂಬಳಿಕೊಪ್ಪೆಯಾಗಿ ತಲೆಮಾರುಗಳ ಬೆನ್ನು ಕಾದಿದೆ. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಕೊಪ್ಪೆ ಮೂಲೆ ಸೇರಿತು. ಬೇಡಿಕೆ ಕುಸಿದು, ಕತ್ತರಿಸಿದ ಉಣ್ಣೆಯೇ ಕುರಿಗಾರರಿಗೆ ಹೊರೆಯಾಯಿತು. ಆದರೆ ಆ ಉಣ್ಣೆ ಒರಟು. ಎಳೆಗೂಸಿನ ಚರ್ಮಕ್ಕೆ ನೇರವಾಗಿ ತಾಗಿಸುವಂಥದಲ್ಲ. ಹೊದಿಕೆಗೆ ಮಾತ್ರ ಸರಿ. ನಯವಾದ ಉಣ್ಣೆಯನ್ನು ಭಾರತ ಬಹುತೇಕ ಆಸ್ಟ್ರೇಲಿಯಾದಂಥ ದೇಶಗಳಿಂದ ತರಿಸಿಕೊಳ್ಳುತ್ತದೆ. ಅದು ದುಬಾರಿ, ದೂರದ್ದು.

ಉಳಿದದ್ದು ಹತ್ತಿ. ಮಲೆನಾಡಿನ ಮಳೆಯಲ್ಲಿ ಹತ್ತಿ ಬೆಳೆಯದಿದ್ದರೂ ಘಟ್ಟದ ಮೂಡಣಕ್ಕೆ ಇಳಿದರೆ ಹಾವೇರಿ, ಧಾರವಾಡಗಳ ಕಪ್ಪುಮಣ್ಣು ದೂರವೇನಲ್ಲ. ಹತ್ತಿಯೂ ಪೂರ್ಣ ನಿರ್ದೋಷಿಯಲ್ಲ. ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆತ ಮೇಲೆ ಭಾರತದ ಹತ್ತಿ ಹೊಲಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಭಾಗ ಅದರದೇ ಆಯಿತು. ನಂತರದ ದಶಕದಲ್ಲಿ ಗುಲಾಬಿ ಕಾಯಿಕೊರಕ ಅದಕ್ಕೂ ಪಳಗಿ, ರೈತರು ಮತ್ತೆ ಕೀಟನಾಶಕಕ್ಕೆ ಮರಳಿದರು. ಧಾರವಾಡದ ಸೀಮೆಯಲ್ಲಿ ಮಳೆಯಾಶ್ರಯದಲ್ಲೇ ಬೆಳೆಯುತ್ತಿದ್ದ ಜಯಧರದಂಥ ನಾಟಿ ಹತ್ತಿ ಮೂಲೆಗುಂಪಾಯಿತು. ಅದರ ಗಿಡ್ಡ ಎಳೆ ದೊಡ್ಡ ಗಿರಣಿಗಳ ವೇಗಕ್ಕೆ ಒಗ್ಗದಿರಬಹುದು. ಚರಕದ ನೂಲಿಗೆ, ಒತ್ತಾದ ಕ್ರೋಶಾ ಹೆಣಿಗೆಗೆ ಅದು ಅಡ್ಡಿಯಲ್ಲ. ಖಾದಿ ಭಂಡಾರಗಳಲ್ಲಿ ಕೇಳುವವರು ಹೆಚ್ಚಿದರೆ ಇಂಥ ನೂಲು ಬರುವ ದಾರಿ ತೆರೆದೀತು. ಹತ್ತಿಯ ಸ್ವೆಟರು ಉಣ್ಣೆಯಷ್ಟು ಬೆಚ್ಚಗಿರದು, ನಿಧಾನ ಒಣಗುತ್ತದೆ. ಎರಡು ತೆಳು ಸ್ವೆಟರುಗಳನ್ನು ಹೆಣೆದು ಸರದಿಯಲ್ಲಿ ತೊಡಿಸುವುದು, ಚಳಿ ಹೆಚ್ಚಿದಾಗ ಒಂದರ ಮೇಲೊಂದು ಹಾಕುವುದು ಇದಕ್ಕೆ ಪರಿಹಾರ.

ಬಣ್ಣ ಬೇಕೆನಿಸಿದರೆ ಮಲೆನಾಡಿನಲ್ಲೇ ಅಡಿಕೆ ಬೇಯಿಸಿದ ಚೊಗರು ಇದೆ. ಬಣ್ಣ ನಿಲ್ಲಿಸಲು ಪಟಿಕ ಸಾಕು. ಕೂಸು ಬಟ್ಟೆಯನ್ನು ಚೀಪುವುದರಿಂದ ತಾಮ್ರ, ಕ್ರೋಮಿಯಂಗಳ ಲವಣ ಬೇಡ. ಬಣ್ಣವೇ ಹಾಕದ ನೂಲು ಎಲ್ಲಕ್ಕಿಂತ ಉತ್ತಮ.

ದುಡಿಮೆಯ ಲೆಕ್ಕ

ಮೂರನೆಯದು ಅತ್ಯಂತ ಕಠಿಣವಾದ ಲೆಕ್ಕ. ವಿಲಿಯಂ ಲೀ ಎಂಬ ಇಂಗ್ಲಿಷ್ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರವನ್ನು ಕಟ್ಟಿದ್ದು 1589ರಲ್ಲಿ. ಎರಡು ಕಡ್ಡಿಯ ಹೆಣಿಗೆ ಅಂದಿನಿಂದಲೇ ಯಂತ್ರದ ಪಾಲಾಗತೊಡಗಿತು. ಕ್ರೋಶಾದ ಕಥೆ ಬೇರೆ. ಪ್ರಯೋಗಾಲಯದ ಮಾದರಿಗಳನ್ನು ಬಿಟ್ಟರೆ, ನಿಜವಾದ ಕ್ರೋಶಾವನ್ನು ಮಾರುಕಟ್ಟೆಯ ಪ್ರಮಾಣದಲ್ಲಿ ಹೆಣೆಯುವ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಇದರ ಅರ್ಥವೇನು? ಅಂಗಡಿಯಲ್ಲಿ ಎಷ್ಟೇ ಅಗ್ಗಕ್ಕೆ ಸಿಗುವ ಕ್ರೋಶಾ ಉಡುಪಾದರೂ ಅದನ್ನು ಯಾರದೋ ಎರಡು ಕೈಗಳು ಗಂಟೆಗಟ್ಟಲೆ ಹೆಣೆದಿವೆ. ಹತ್ತು ಗಂಟೆಯ ಕೆಲಸ ತೋಟದ ಒಂದು ದಿನದ ಕೂಲಿಗಿಂತ ಹೆಚ್ಚು. ಆ ಕೂಲಿಗೆ ನೂಲಿನ ಬೆಲೆ ಸೇರಿಸಿ ನೋಡಿದರೆ, ಅಗ್ಗದ ಸ್ವೆಟರಿನಲ್ಲಿ ಯಾರ ಪಾಲು ಕಡಿತವಾಗಿದೆಯೆಂಬುದು ತಾನೇ ತಿಳಿಯುತ್ತದೆ.

ಇದಕ್ಕೆ ಉದಾಹರಣೆ ಹುಡುಕಲು ಸಾಗರದಾಚೆ ಹೋಗಬೇಕಿಲ್ಲ. ಆಂಧ್ರಪ್ರದೇಶದ ಗೋದಾವರಿ ತೀರದ ನರಸಾಪುರದಲ್ಲಿ 19ನೆಯ ಶತಮಾನದಲ್ಲಿ ಮಿಷನರಿ ಮಹಿಳೆಯರು ಕ್ರೋಶಾ ಲೇಸನ್ನು ಕಲಿಸಿದರು. ಅದು ಬೆಳೆದು ವಿದೇಶಗಳಿಗೆ ರಫ್ತಾಗುವ ಉದ್ಯಮವಾಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಆ ಮಹಿಳೆಯರ ಬದುಕನ್ನು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದಿನಕ್ಕೆ ಹಲವು ಗಂಟೆ ಹೆಣೆದರೂ ಅವರಿಗೆ ದೊರೆಯುತ್ತಿದ್ದುದು ಕನಿಷ್ಠ ಕೂಲಿಗಿಂತ ಎಷ್ಟೋ ಕಡಿಮೆ. ಲಾಭ ದಲ್ಲಾಳಿಗಳಿಗೆ, ರಫ್ತುದಾರರಿಗೆ. ಈ ಅನ್ಯಾಯ ಕಣ್ಣಿಗೆ ಬೀಳದಂತೆ ಮಾಡಿದ್ದು ಒಂದೇ ನಂಬಿಕೆ: ಅವರು ಕೆಲಸಗಾರರಲ್ಲ, ಬಿಡುವಿನ ವೇಳೆಯಲ್ಲಿ ಹೆಣೆಯುವ ಗೃಹಿಣಿಯರು ಎಂಬುದು.

‘ಬಿಡುವಿನ ವೇಳೆ’ ಎಂಬ ಈ ಮಾತನ್ನು ಪರಿಸರವಾದಿಗಳೂ ಪ್ರಶ್ನಿಸದೆ ಬಳಸುತ್ತಾರೆ. ಕೊಟ್ಟಿಗೆ, ಅಡಿಗೆ, ಅಡಿಕೆ ಸುಲಿತ, ಮಕ್ಕಳು, ಮುದುಕರು, ಇಷ್ಟೆಲ್ಲ ಮುಗಿಸಿದ ಹೆಂಗಸಿಗೆ ಉಳಿಯುವ ಒಂದು ಗಂಟೆಯನ್ನು ‘ಗ್ರಾಮೀಣ ಉದ್ಯೋಗ’ದ ಹೆಸರಿನಲ್ಲಿ ಕಿತ್ತುಕೊಳ್ಳುವುದು ಸ್ವಾವಲಂಬನೆಯಲ್ಲ. ಸ್ವಸಹಾಯ ಸಂಘಗಳ ಮೂಲಕ ಕೂಸಿನ ಸ್ವೆಟರು ಹೆಣೆಸಿ ಪೇಟೆಗೆ ಕಳಿಸಬೇಕೆಂಬ ಉತ್ಸಾಹಿಗಳು ಮೊದಲು ಗಂಟೆಯ ಲೆಕ್ಕದಲ್ಲಿ ಕೂಲಿ ಕಟ್ಟಲಿ. ಆ ಬೆಲೆಗೆ ಕೊಳ್ಳುವವರಿದ್ದರೆ ಮಾರಲಿ, ಇಲ್ಲದಿದ್ದರೆ ಬಿಡಲಿ. ಕೈದುಡಿಮೆಗೆ ನ್ಯಾಯವಾದ ಬೆಲೆ ಕಟ್ಟುವ ಹೋರಾಟಕ್ಕೆ ಮಲೆನಾಡಿನಲ್ಲೇ ಮಾದರಿಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1990ರ ದಶಕದಲ್ಲಿ ಆರಂಭವಾದ ಚರಕ ಸಂಸ್ಥೆ ಗ್ರಾಮೀಣ ಮಹಿಳೆಯರನ್ನು ಕೈಮಗ್ಗದ ಮತ್ತು ಸಹಜ ಬಣ್ಣಗಳ ಕಸುಬಿಗೆ ಕರೆತಂದಿತು. 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು ಅದರ ಹಿಂದಿನ ಚೇತನವಾದ ರಂಗಕರ್ಮಿ ಪ್ರಸನ್ನ ಅವರು ಉಪವಾಸ ಕೂತರು. ಯಂತ್ರದ ಸರಕಿನೊಡನೆ ಕೈಯ ಸರಕನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದೇ ಆ ಹೋರಾಟದ ತಿರುಳು.

ಪೆಟ್ಟಿಗೆಯೊಂದು ಊರಿಗಿರಲಿ

ಮೂರೂ ಲೆಕ್ಕಗಳನ್ನು ಕೂಡಿಸಿದಾಗ ಹೊರಡುವ ಉತ್ತರ ಸರಳವಾಗಿದೆ. ಕೂಸಿನ ಸ್ವೆಟರು ಮಾರುಕಟ್ಟೆಗಿಂತ ಮನೆಗೆ, ನೆರೆಹೊರೆಗೆ ಹೆಚ್ಚು ಒಪ್ಪುವ ವಸ್ತು. ಪ್ರತಿ ಕೂಸಿಗೆ ಐದು ಸ್ವೆಟರು ಹೆಣೆಯುವ ಬದಲು ಒಂದು ಸ್ವೆಟರನ್ನು ಐದು ಕೂಸು ತೊಡುವುದು ಲೇಸು. ಊರಿನ ಮಹಿಳಾ ಮಂಡಳಿಯಲ್ಲೋ ಅಂಗನವಾಡಿಯಲ್ಲೋ ಒಂದು ಪೆಟ್ಟಿಗೆ ಇಡಬಹುದು. ಹೆಣೆಯಬಲ್ಲವರು ವರ್ಷಕ್ಕೊಂದು ಸ್ವೆಟರು ಹೆಣೆದಿಟ್ಟರೆ, ಕೂಸಿರುವ ಮನೆಯವರು ಒಯ್ದು, ಗಿಡ್ಡವಾದೊಡನೆ ಒಗೆದು, ಬಿಸಿಲಿಗೆ ಹಾಕಿ ಮರಳಿಸಬಹುದು. ಹರಿದದ್ದನ್ನು ಬಿಚ್ಚಿದರೆ ನೂಲು ಮತ್ತೆ ಪೆಟ್ಟಿಗೆಗೆ. ಈಗಾಗಲೇ ಮನೆಯಲ್ಲಿರುವ ಅಕ್ರಿಲಿಕ್ ಸ್ವೆಟರನ್ನು ಎಸೆಯುವ ಅಗತ್ಯವಿಲ್ಲ. ಅದನ್ನು ಬೆಂಕಿಯಿಂದ ದೂರವಿಟ್ಟು, ಹತ್ತಿ ಅಂಗಿಯ ಮೇಲೆ ತೊಡಿಸಿ, ಕಡಿಮೆ ಒಗೆದು, ಹೆಚ್ಚು ಕಾಲ ಬಾಳಿಸುವುದೇ ಸರಿ. ಹೊಸದಾಗಿ ಕೊಳ್ಳುವಾಗ ಮಾತ್ರ ಎಳೆ ಸುಟ್ಟು ನೋಡಿ ಕೊಳ್ಳಬೇಕು.

ಇನ್ನೊಂದು ಮಾತು. ಕ್ರೋಶಾ ಹೆಂಗಸರ ಕೆಲಸವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ದರಕು ತುಂಬುವ ಹಗ್ಗದ ಕಲ್ಲಿ ಹೆಣೆಯುವ, ಬಲೆ ನೇಯುವ, ಬುಟ್ಟಿ ಕಟ್ಟುವ ಗಂಡಸಿನ ಕೈಗೆ ಕೊಕ್ಕೆಯ ಕಡ್ಡಿ ಭಾರವಾಗದು. ಕೂಸಿನ ಅಪ್ಪ ನಾಲ್ಕು ಸಾಲು ಹೆಣೆದರೆ ದುಡಿಮೆಯ ಲೆಕ್ಕ ಅಷ್ಟರ ಮಟ್ಟಿಗೆ ಹಗುರವಾಗುತ್ತದೆ.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಉಡುಪಿಗೂ ಸಲ್ಲುತ್ತದೆ. ಯಾವ ಹೊಲದ ನೂಲು, ಯಾರ ಕೈಯ ಹೆಣಿಗೆ, ಮುಂದೆ ಯಾವ ಕೂಸಿನ ಮೈಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರುವ ಒಂದು ಸ್ವೆಟರು ಟ್ರಂಕಿನಲ್ಲಿದ್ದರೆ, ಮುಂದಿನ ಪುನರ್ವಸು ಮಳೆಗೆ ಆ ಮನೆ ಸಿದ್ಧವಾಗಿದೆಯೆಂದೇ ತಿಳಿಯಬೇಕು.